ಹೆಸರುಕಾಳಿಗೆ ಜ್ವರ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಮಿಕ್ಸಿಗೂ ಉಪ್ಪಿನ ಭರಣಿಗೂ ನಡುವೆ, ವಾರಕ್ಕೊಮ್ಮೆ ಒಂದು ಒದ್ದೆ ಗಂಟು ಬಂದು ಕೂರುತ್ತದೆ. ಬಟ್ಟೆ ನನ್ನದೇ ಹಳೆಯ ಪಂಚೆಯ ತುಂಡು. ಒಳಗಿರುವುದು ಮೊಳಕೆಗೆಂದು ಕಟ್ಟಿದ ಹೆಸರುಕಾಳು. ನೆನೆಹಾಕುವುದು, ಬಸಿಯುವುದು, ಕಟ್ಟುವುದು ಯಾವುದರಲ್ಲೂ ನನ್ನ ಪಾಲಿಲ್ಲ. ಆದರೆ ಬೆಳಿಗ್ಗೆ ಕಾಫಿಗೆಂದು ಹೋದವನು ಆ ಗಂಟನ್ನೊಮ್ಮೆ ಮುಟ್ಟದೆ ಬರಲಾರೆ. ಒದ್ದೆ ಬಟ್ಟೆ ಎಂದಮೇಲೆ ತಣ್ಣಗಿರಬೇಕು. ಹೊರಮೈ ತಣ್ಣಗೇ ಇರುತ್ತದೆ. ಗಂಟು ಸಡಿಲಿಸಿ ಕಾಳಿನ ನಡುವಿಗೆ ಬೆರಳು ತೂರಿಸಿದರೆ ಮಾತ್ರ ಬೇರೆ ಲೋಕ. ಅಲ್ಲೊಂದು ಹದವಾದ ಬಿಸುಪು. ಮಲಗಿದ್ದ ಮಗು ಈಗಷ್ಟೇ ಎದ್ದುಹೋದ ಹಾಸಿಗೆಯ ಬಿಸುಪು.

‘ಏನ್ರೀ ಅದು, ನಾಡಿ ನೋಡ್ತಾ ಇದ್ದೀರಾ?’ ಎಂದಳು ಹೆಂಡತಿ.

‘ಇಲ್ಲ, ಜ್ವರ ನೋಡ್ತಾ ಇದ್ದೀನಿ.’

ಹೇಳಿದಮೇಲೆ ನೋಡಿಯೇಬಿಡೋಣ ಅನ್ನಿಸಿತು. ಕೊರೊನಾ ಕಾಲದಲ್ಲಿ ಕೊಂಡ ಡಿಜಿಟಲ್ ಥರ್ಮಾಮೀಟರ್ ಬೀರುವಿನಲ್ಲಿತ್ತು. ಚೆನ್ನಾಗಿ ಒರೆಸಿ, ಕಾಳಿನ ನಡುವೆ ಚುಚ್ಚಿ, ಎರಡು ನಿಮಿಷ ಕಾದೆ. ಅದು ಪೀಂ ಪೀಂ ಎಂದಿತು. ಪರದೆಯ ಮೇಲೆ ಅಂಕಿಯ ಬದಲು ಎರಡೇ ಎರಡು ಇಂಗ್ಲಿಷ್ ಅಕ್ಷರ: ‘ಲೋ’. ಮನುಷ್ಯರ ಜ್ವರಕ್ಕೆಂದೇ ಮಾಡಿದ ಆ ಕಡ್ಡಿ 32 ಡಿಗ್ರಿಯ ಕೆಳಗಿನದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕಡಿಮೆ ಎಂದು ಹೇಳಿ ಸುಮ್ಮನಾಗುತ್ತದೆ ಎಂದು ಆಮೇಲೆ ತಿಳಿಯಿತು. ಆದರೆ ಅರವತ್ತು ದಾಟಿದ ಮನುಷ್ಯನನ್ನು ಅವನ ಅಡುಗೆಮನೆಯಲ್ಲೇ, ಹೆಂಡತಿಯ ಎದುರೇ, ಒಂದು ಕಡ್ಡಿ ‘ಲೋ’ ಎಂದು ಕರೆದರೆ ಹೇಗಾಗಬೇಡ! ಥರ್ಮಾಮೀಟರನ್ನು ಬೀರುವಿಗೆ ಹಾಕಿ ಬೀಗ ಜಡಿದೆ. ಅಂದಿನಿಂದ ನನ್ನ ನಂಬಿಕೆ ಬೆರಳಿನ ಮೇಲೆಯೇ.

ಯಾರೂ ಒಲೆ ಹಚ್ಚಿಲ್ಲ, ಬಿಸಿನೀರು ಹಾಕಿಲ್ಲ. ಕಾಳು ಬೆಚ್ಚಗಾಗಿರುವುದು ತನ್ನ ಪಾಡಿಗೆ ತಾನು ಉಸಿರಾಡುತ್ತಿರುವುದರಿಂದ. ಒಣಗಿದ ಕಾಳೂ ಉಸಿರಾಡುತ್ತದೆ, ಆದರೆ ಇದೆಯೋ ಇಲ್ಲವೋ ಎಂಬಷ್ಟು. ನೀರು ಕುಡಿದದ್ದೇ ತಡ, ಅದರ ಬೇಳೆಯೊಳಗಿನ ಹಿಟ್ಟು ಸಕ್ಕರೆಯಾಗಿ ಕರಗತೊಡಗುತ್ತದೆ. ಆ ಸಕ್ಕರೆಯನ್ನು ಆಮ್ಲಜನಕದೊಂದಿಗೆ ಸೇರಿಸಿ ಸುಟ್ಟು, ಬಂದ ಶಕ್ತಿಯಿಂದ ಕಾಳು ಬೇರಿನ ಮೊನೆಯನ್ನು ಹೊರಕ್ಕೆ ತಳ್ಳುತ್ತದೆ. ಸುಟ್ಟದ್ದಕ್ಕೆ ಗುರುತಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಉಳಿಯುತ್ತವೆ; ಹೊಗೆಯಿಲ್ಲ, ಬೂದಿಯಿಲ್ಲ. ಒಂದು ಪಾವು ಕಾಳು ಎರಡು ಪಾವಾಯಿತು ಎಂದು ನಾವು ಹಿಗ್ಗುತ್ತೇವೆ. ಉಬ್ಬಿದ್ದು ನೀರು ಮಾತ್ರ. ಆ ಮೊಳಕೆಯನ್ನು ಪೂರ್ತಿ ಒಣಗಿಸಿ ತೂಗಿದರೆ ಮೊದಲಿಗಿಂತ ಕಡಿಮೆಯೇ ಇರುತ್ತದೆ. ರಾತ್ರಿಯಿಡೀ ತನ್ನ ಗಂಟನ್ನು ತಾನೇ ಕರಗಿಸಿಕೊಂಡ ಸಂಸಾರಿ ಅದು. ಗಾಳಿಯಾಡದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಮಾರನೆಯ ದಿನ ಲೋಳೆಯೂ ಹುಳಿ ನಾತವೂ ಬರುವುದೇಕೆ ಎಂಬುದೂ ಇಲ್ಲೇ ಇದೆ. ಉಸಿರುಕಟ್ಟಿದ ಕಾಳು ಮತ್ತೇನು ಮಾಡೀತು?

ನನ್ನ ಬಾಲ್ಯದ ವಿಜ್ಞಾನ ಈ ಕಾಳಿನ ಮುಂದೆ ತಲೆತಗ್ಗಿಸಿತು. ಶಾಲೆಯ ಕರಿಹಲಗೆಯ ಮೇಲೆ ಒಂದು ಕಡೆ ಹಸು, ಇನ್ನೊಂದು ಕಡೆ ಮರ, ನಡುವೆ ಎರಡು ಬಾಣ. ಹಸು ಬಿಟ್ಟದ್ದನ್ನು ಮರ ತೆಗೆದುಕೊಳ್ಳುತ್ತದೆ, ಮರ ಬಿಟ್ಟದ್ದನ್ನು ಹಸು. ಅಚ್ಚುಕಟ್ಟಾದ ಕೊಡುಕೊಳ್ಳುವಿಕೆ. ಮರವೆಂದರೆ ಉಸಿರನ್ನು ತಿರುಗುಮುರುಗಾಗಿ ಆಡುವ ಹಸು ಎಂದೇ ನಾನು ಬಹುಕಾಲ ನಂಬಿದ್ದೆ. ನಿಜದಲ್ಲಿ ಮರವೂ ಹಸುವಿನ ಹಾಗೆಯೇ ಹಗಲೂ ರಾತ್ರಿ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬಿಸಿಲಿರುವಾಗ ಎಲೆಗಳು ಅಡುಗೆಗೆ ಕೂತರೆ ಆಮ್ಲಜನಕ ಅದಕ್ಕಿಂತ ಎಷ್ಟೋ ಹೆಚ್ಚು ಹೊರಬರುವುದರಿಂದ ಈ ಸಣ್ಣ ಖರ್ಚು ಲೆಕ್ಕದಲ್ಲಿ ಕಾಣುವುದಿಲ್ಲ, ಅಷ್ಟೆ. ಇದನ್ನು ಮೊದಲು ಬಿಡಿಸಿ ನೋಡಿದವನು ಯಾನ್ ಇಂಗನ್‌ಹೌಸ್ ಎಂಬ ಡಚ್ ವೈದ್ಯ. ಸಿಡುಬಿನ ಚುಚ್ಚುಮದ್ದು ಹಾಕಿ ವಿಯೆನ್ನಾದ ರಾಜಮನೆತನದಲ್ಲಿ ಹೆಸರು ಗಳಿಸಿದ್ದವನು, 1779ರ ಬೇಸಿಗೆಯಲ್ಲಿ ಲಂಡನ್ ಬಳಿ ಒಂದು ಮನೆ ಹಿಡಿದು, ಎಲೆಗಳನ್ನು ನೀರಿನಲ್ಲಿ ಮುಳುಗಿಸಿಟ್ಟು ಐನೂರಕ್ಕೂ ಹೆಚ್ಚು ಪ್ರಯೋಗ ಮಾಡಿದ. ಬೆಳಕಿನಲ್ಲಿ ಗಿಡ ಗಾಳಿಯನ್ನು ತಿಳಿಗೊಳಿಸುತ್ತದೆ, ಕತ್ತಲಲ್ಲಿ ಕೆಡಿಸುತ್ತದೆ ಎಂದು ಆ ವರ್ಷವೇ ಪುಸ್ತಕ ಬರೆದ. ರಾಜವೈದ್ಯನೊಬ್ಬ ಬೇಸಿಗೆಯ ರಜೆಯನ್ನು ಎಲೆಗಳ ಗುಳ್ಳೆ ಎಣಿಸುತ್ತ ಕಳೆದದ್ದನ್ನು ನೆನೆದರೆ ಹೆಸರುಕಾಳಿನ ಜ್ವರ ನೋಡುವ ನನಗೂ ತುಸು ಧೈರ್ಯ ಬರುತ್ತದೆ.

ಆದರೂ ವಾಟ್ಸಾಪಿನಲ್ಲಿ ಅಶ್ವತ್ಥ ವೃಕ್ಷ ರಾತ್ರಿಯೂ ಆಮ್ಲಜನಕ ಕೊಡುತ್ತಲೇ ಇದೆ. ತಿಂಗಳಿಗೆ ಎರಡು ಸಲವಾದರೂ ನನಗೆ ಆ ಸಂದೇಶ ಬರುತ್ತದೆ, ಕೈಮುಗಿದ ಚಿತ್ರದ ಸಮೇತ. ಅಶ್ವತ್ಥದ ಮೇಲೆ ನನಗೂ ಭಕ್ತಿಯಿದೆ, ಪ್ರದಕ್ಷಿಣೆಯನ್ನೂ ಹಾಕಿದ್ದೇನೆ. ಆದರೆ ಬೆಳಕಿಲ್ಲದೆ ಆಮ್ಲಜನಕ ಬಿಡುವುದು ಅದಕ್ಕೂ ಆಗದ ಕೆಲಸ. ಇದರ ಎದುರುಬದಿಯ ಭಯವೂ ಅಷ್ಟೇ ಟೊಳ್ಳು. ಮಲಗುವ ಕೋಣೆಯಲ್ಲಿ ಕುಂಡವಿಟ್ಟರೆ ಅದು ರಾತ್ರಿ ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತದಂತೆ. ಒಬ್ಬ ಮನುಷ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡನ್ನು ಮೂಗಿನಿಂದ ಬಿಡುತ್ತಾನೆ. ಗಾಳಿಯ ಚಿಂತೆಯಿದ್ದವರು ಕುಂಡವನ್ನು ಅಲ್ಲೇ ಬಿಟ್ಟು, ಪಕ್ಕದಲ್ಲಿ ಗೊರಕೆ ಹೊಡೆಯುವವರನ್ನು ಹಜಾರಕ್ಕೆ ಕಳಿಸುವುದು ಮೇಲು. ಈ ಮಾತನ್ನು ಮನೆಯಲ್ಲಿ ಆಡಿ ನಾನು ಮೂರು ರಾತ್ರಿ ಹಜಾರದಲ್ಲಿ ಮಲಗಿದೆ.

ಉಸಿರಾಟವೆಂದರೆ ಮೆಲ್ಲನೆ ಉರಿಯುವ ಬೆಂಕಿ ಎಂಬುದನ್ನು ತಕ್ಕಡಿಗೆ ಹಾಕಿ ತೂಗಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ. 1782–83ರ ಚಳಿಗಾಲ, ಪ್ಯಾರಿಸ್. ಗಣಿತಜ್ಞ ಲಪ್ಲಾಸ್ ಜೊತೆ ಸೇರಿ ಒಂದು ಪಾತ್ರೆ ಮಾಡಿಸಿದ. ಒಳಗೊಂದು ಬುಟ್ಟಿ, ಸುತ್ತ ಮಂಜುಗಡ್ಡೆ, ಅದರ ಸುತ್ತ ಮತ್ತೊಂದು ಪದರ ಮಂಜುಗಡ್ಡೆ. ಬುಟ್ಟಿಯಲ್ಲಿ ಒಂದು ಗಿನಿಯಿಲಿಯನ್ನು ಕೂರಿಸಿದ. ಅದರ ಮೈಬಿಸಿಗೆ ಹತ್ತು ಗಂಟೆಗಳಲ್ಲಿ ಸುಮಾರು 13 ಔನ್ಸ್ ಮಂಜು ಕರಗಿ ಕೆಳಗಿನ ಕೊಳವೆಯಿಂದ ತೊಟ್ಟಿಕ್ಕಿತು. ಅದೇ ಜಾತಿಯ ಇಲಿ ಅಷ್ಟೇ ಹೊತ್ತಿನಲ್ಲಿ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆಂದು ಬೇರೆಯಾಗಿ ಅಳೆದ. ಅಷ್ಟೇ ಬರುವಷ್ಟು ಇದ್ದಿಲು ಸುಟ್ಟರೆ ಎಷ್ಟು ಮಂಜು ಕರಗುತ್ತದೆಂದೂ ಲೆಕ್ಕ ಹಾಕಿದ. ಎರಡೂ ಸರಿಸುಮಾರು ತಾಳೆಯಾದವು. ಪೂರ್ತಿ ಆಗಲಿಲ್ಲ, ಇಲಿಯ ಬಿಸಿ ತುಸು ಹೆಚ್ಚೇ ಇತ್ತು. ಇಲಿಯೊಳಗೆ ಇಂಗಾಲದ ಜೊತೆ ಜಲಜನಕವೂ ಉರಿದು ನೀರಾಗುತ್ತಿರಬೇಕು ಎಂದು ಅವನು ಮುಂದೆ ಊಹಿಸಿದ. ನನಗೆ ಹಿಡಿಸುವುದು ಆ ತಾಳೆಯಾಗದ ಚೂರು. ಎಷ್ಟು ಜನ ಅದನ್ನು ಕೊಸರು ಎಂದು ಕೈಬಿಡುತ್ತಿರಲಿಲ್ಲ! ಲೆಕ್ಕದಲ್ಲಿ ಅವನು ಪಳಗಿದ್ದೂ ಉಂಟು. ಹೊಟ್ಟೆಪಾಡಿಗೆ ರಾಜನ ತೆರಿಗೆ ವಸೂಲಿಯ ಗುತ್ತಿಗೆದಾರರಲ್ಲಿ ಒಬ್ಬನಾಗಿದ್ದ. ಆ ನಂಟೇ 1794ರ ಮೇ 8ರಂದು ಅವನ ತಲೆ ತೆಗೆಯಿತು. ಚಳಿಯಲ್ಲಿ ಹತ್ತು ಗಂಟೆ ಕೂತ ಗಿನಿಯಿಲಿಗೆ ಏನಾಯಿತೆಂದು ಕೇಳುವವರು ಕಡಿಮೆ. ನಾನು ಅದರ ಪಕ್ಷ.

ಆದರೆ ಬೆಂಕಿ ಎಂದರೆ ಒಂದು ತೊಡಕಿದೆ. ಬಣವೆಗೆ ಬೆಂಕಿ ಬಿದ್ದರೂ ಶಕ್ತಿ ಹೊರಬರುತ್ತದೆ, ಯಾರ ಉಪಯೋಗಕ್ಕೂ ಬರುವುದಿಲ್ಲ. ಅದೇ ಹುಲ್ಲನ್ನು ಹಿಡಿಹಿಡಿಯಾಗಿ ಹಂಡೆ ಒಲೆಗೆ ತುರುಕಿದರೆ ಮನೆಮಂದಿಯೆಲ್ಲ ಸ್ನಾನ ಮಾಡಬಹುದು. ಜೀವಕೋಶ ಹಿಡಿದದ್ದು ಹಂಡೆಯ ದಾರಿ. ಒಂದು ಗ್ಲೂಕೋಸ್ ಅಣುವನ್ನು ಒಂದೇ ಏಟಿಗೆ ಸುಡದೆ ಹತ್ತಾರು ಮೆಟ್ಟಿಲು ಇಳಿಸಿ, ಒಂದೊಂದರಲ್ಲೂ ಚೂರುಚೂರು ಶಕ್ತಿ ಹಿಡಿದುಕೊಳ್ಳುತ್ತದೆ. ಏಕೆಂದರೆ ಗ್ಲೂಕೋಸ್ ಎಂಬುದು ಐನೂರರ ನೋಟು. ಬೆಳಗಿನ ಮೊದಲ ಬಸ್ಸಿನಲ್ಲಿ ಐನೂರು ಕೊಟ್ಟು ಹನ್ನೆರಡು ರೂಪಾಯಿ ಟಿಕೆಟ್ ಕೇಳಿ ನೋಡಿ. ಕಂಡಕ್ಟರ್ ನೋಡುವ ನೋಟ ಹೇಗಿರುತ್ತದೆ? ಮಾಂಸಖಂಡವೂ ಮಿದುಳೂ ಬೇರಿನ ತುದಿಯೂ ಹಾಗೆಯೇ, ಚಿಲ್ಲರೆ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಆ ಚಿಲ್ಲರೆಯ ಹೆಸರು ಎಟಿಪಿ. ಆಮ್ಲಜನಕವಿದ್ದರೆ ಒಂದು ಗ್ಲೂಕೋಸಿಗೆ ಸುಮಾರು 30 ಎಟಿಪಿ ಸಿಗುತ್ತದೆ. ಆಮ್ಲಜನಕವಿಲ್ಲದೆ, ಹೆಂಡ ಹುಳಿಸುವ ಯೀಸ್ಟಿನ ಹಾಗೆ ಕೆಲಸ ಸಾಗಿಸಿದರೆ ಬರೀ ಎರಡು. ಉಳಿದದ್ದು ಟಿಕೆಟಿನ ಹಿಂದೆ ಬರೆದುಕೊಟ್ಟ ಬಾಕಿಯಂತೆ, ಕೈಗೆ ಬರುವುದಿಲ್ಲ. ಉಸಿರು ಎಂದರೆ ನೋಟು ಮುರಿಸುವ ಅಂಗಡಿ.

ಈ ಚಿಲ್ಲರೆಯನ್ನು ಮೊದಲು ಕಂಡವರಲ್ಲಿ ನಮ್ಮ ನೆರೆಯವರೊಬ್ಬರಿದ್ದಾರೆ. ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್, ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆ ಜೊತೆ ಮಾಂಸಖಂಡವನ್ನು ಶೋಧಿಸುತ್ತಿದ್ದಾಗ 1929ರಲ್ಲಿ ಎಟಿಪಿಯನ್ನು ಕಂಡರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಹ್ಮನ್ ಕೂಡ. ಸುಬ್ಬರಾವ್ ಅವರಿಗೆ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. ನಮ್ಮ ಮೈಯಲ್ಲಿ ಯಾವುದೇ ಕ್ಷಣದಲ್ಲಿ ಇರುವ ಎಟಿಪಿ ಕೆಲವು ಹತ್ತು ಗ್ರಾಂ ಮಾತ್ರ. ಅದನ್ನೇ ಖರ್ಚುಮಾಡಿ, ಮತ್ತೆ ಕಟ್ಟಿ, ಮತ್ತೆ ಖರ್ಚುಮಾಡಿ, ಒಂದು ದಿನದ ವಹಿವಾಟನ್ನೆಲ್ಲ ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟಾಗುತ್ತದೆ. ಇಡೀ ದಿನ ಆರಾಮಕುರ್ಚಿಯಲ್ಲಿ ಕೂತು ಪತ್ರಿಕೆ ಓದಿದೆ ಎಂದು ಮನೆಯವರು ದೂರಿದಾಗ ಹೇಳಲು ಇದೊಂದು ಒಳ್ಳೆಯ ಉತ್ತರ.

ಮೆಟ್ಟಿಲುಗಳ ಕತೆ ಉದ್ದ. ಅದರ ನಡುವಿನ ಚಕ್ರವನ್ನು ಬಿಡಿಸಿದ ಹಾನ್ಸ್ ಕ್ರೆಬ್ಸ್, ಯಹೂದಿಯಾದ್ದರಿಂದ 1933ರಲ್ಲಿ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಬಂದವರು. ಪಾರಿವಾಳದ ಎದೆಯ ಮಾಂಸವನ್ನು ಕೊಚ್ಚಿ ಅದು ಆಮ್ಲಜನಕ ಎಳೆದುಕೊಳ್ಳುವುದನ್ನು ಅಳೆದರು. ರೆಕ್ಕೆ ಬಡಿಯುವ ಆ ಸ್ನಾಯುವಿನಷ್ಟು ಬಿರುಸಾಗಿ ಉಸಿರಾಡುವಂಥವು ಕಡಿಮೆ. 1937ರಲ್ಲಿ ಆ ಬರಹವನ್ನು ‘ನೇಚರ್’ ಪತ್ರಿಕೆಗೆ ಕಳಿಸಿದರೆ, ನಮ್ಮಲ್ಲಿ ಈಗಾಗಲೇ ಬಂದ ಪತ್ರಗಳೇ ರಾಶಿಬಿದ್ದಿವೆ ಎಂದು ಹಿಂದೆ ಬಂತು. 1953ರಲ್ಲಿ ಅದಕ್ಕೇ ನೊಬೆಲ್ ಬಂತು. ಬರಹ ವಾಪಸಾದಾಗಲೆಲ್ಲ ನಾನು ಕ್ರೆಬ್ಸರನ್ನು ನೆನೆದು ಸಮಾಧಾನ ಪಟ್ಟುಕೊಳ್ಳುತ್ತೇನೆ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ ಎಂಬುದು ಗೊತ್ತಿದ್ದೂ. ಕೊನೆಯ ಮೆಟ್ಟಿಲಲ್ಲಿ ಮೈಟೋಕಾಂಡ್ರಿಯಾದ ಪೊರೆಯೊಳಗೆ ನಿಜವಾಗಿಯೂ ತಿರುಗುವ ಒಂದು ಗಾಲಿಯಿದೆ, ಏತದ ಗಾಲಿಯಂತೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಅಂಥದೇ ಒಂದು ಗಾಲಿಗೆ ಹೊಳೆಯುವ ಎಳೆ ಅಂಟಿಸಿ, ಅದು ಗಿರ್ರನೆ ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಚಿತ್ರೀಕರಿಸಿದರು. ಹೆಸರುಕಾಳಿನಲ್ಲೂ ಇದೇ ಗಾಲಿ, ಕಂಡಕ್ಟರನಲ್ಲೂ ಇದೇ ಗಾಲಿ.

ಇಷ್ಟು ಜಾಣತನವಿದ್ದೂ ಸಕ್ಕರೆಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಸೋರಿಹೋಗುತ್ತದೆ. ನನಗಂತೂ ಈ ಸೋರಿಕೆಯೇ ಇಷ್ಟ. ಅದು ಇಲ್ಲದಿದ್ದರೆ ಬೆರಳಿಗೆ ಏನು ತಿಳಿಯುತ್ತಿತ್ತು? ಸುಮ್ಮನೆ ಕೂತ ಮನುಷ್ಯ ಹಳೆಯ ಕಾಲದ ನೂರು ವಾಟ್ ಬಲ್ಬಿನಷ್ಟು ಬಿಸಿ ಬಿಡುತ್ತಾನೆ. ಮುಹೂರ್ತದ ಹೊತ್ತಿನಲ್ಲಿ ಕಲ್ಯಾಣ ಮಂಟಪ ಬೇಯುವುದಕ್ಕೆ ಹೋಮದ ಹೊಗೆಯನ್ನೊಂದೇ ದೂರಬೇಡಿ, ಅಕ್ಷತೆ ಹಿಡಿದು ನಿಂತ ಐನೂರು ಬಲ್ಬುಗಳಿವೆ. ಮಾಗಿಯ ಬೆಳಗಿನಲ್ಲಿ ತಿಪ್ಪೆಯಿಂದ ಏಳುವ ಹಬೆ ಕಣ್ಣಿಗೆ ಕಾಣದ ಕೋಟಿ ಜೀವಿಗಳ ಉಸಿರಿನ ಬಿಸಿ. ಅದು ಊರಿನ ನಾಯಿಗಳಿಗೆ ಗೊತ್ತು. ಚಳಿಯಲ್ಲಿ ಅವು ಮುದುರಿ ಮಲಗುವುದು ಅದರ ಮೇಲೆಯೇ. ಭತ್ತದ ಹುಲ್ಲಿನಲ್ಲಿ ಮಾವಿನಕಾಯಿ ಹಾಕಿಟ್ಟ ಕೋಣೆಯ ಬಾಗಿಲು ತೆರೆದಾಗ ಮುಖಕ್ಕೆ ಬಡಿಯುವುದು ಪರಿಮಳ ಮಾತ್ರವಲ್ಲ, ಒಂದು ಸೆಕೆಯೂ ಇರುತ್ತದೆ. ಮಾವು, ಬಾಳೆ, ಸೇಬುಗಳು ಹಣ್ಣಾಗುವ ಹೊತ್ತಿಗೆ ಏದುಸಿರು ಬಿಡುತ್ತವೆ. ಉಸಿರು ಹಲವು ಪಟ್ಟು ಏರಿ, ಕಾಯಿಯೆಲ್ಲ ರಸವಾಗಿ, ಆಮೇಲೆ ಇಳಿಯುತ್ತದೆ. ದ್ರಾಕ್ಷಿ, ಕಿತ್ತಳೆಗಳಿಗೆ ಈ ಕೊನೆಗಾಲದ ಉತ್ಸಾಹವಿಲ್ಲ. ಕಿತ್ತಾಗ ಹೇಗಿದ್ದವೋ ಹಾಗೇ.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ತಾವರೆ. ತಂಪಿಗೆ, ಮುಖಕ್ಕೆ, ಪಾದಕ್ಕೆ, ಕಣ್ಣಿಗೆ ಎಲ್ಲಕ್ಕೂ ತಾವರೆಯನ್ನೇ ಹೋಲಿಸುತ್ತ ಬಂದ ನಾಡು ನಮ್ಮದು. ಅದರ ಒಡಲಲ್ಲಿ ಕಾವು ಇದೆಯೆಂದು ಅಳೆದು ತೋರಿಸಿದ್ದು ಆಸ್ಟ್ರೇಲಿಯಾದ ಅಡಿಲೇಡ್ ಸಸ್ಯೋದ್ಯಾನದ ಕೊಳದಲ್ಲಿ. ರೋಜರ್ ಸೀಮೋರ್ ಮತ್ತು ಪಾಲ್ ಶುಲ್ಟ್ಸೆ-ಮೊಟೆಲ್ 1996ರಲ್ಲಿ ಬರೆದ ಪ್ರಕಾರ, ಹೊರಗಿನ ಹವೆ 10 ಡಿಗ್ರಿಗೆ ಇಳಿದರೂ ಅರಳುತ್ತಿರುವ ತಾವರೆಯ ನಡುಭಾಗ 30 ಡಿಗ್ರಿಗೂ ಮೇಲೆಯೇ ಇರುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ ಹೂವು ಹೆಚ್ಚು ಉಸಿರಾಡಿ ಬಿಸಿ ಏರಿಸುತ್ತದೆ. ಚಳಿ ಇಳಿದರೆ ತಾನೂ ಇಳಿಸುತ್ತದೆ. ಹಕ್ಕಿ, ಹಸುಗಳು ಮಾಡುವ ಕೆಲಸವನ್ನು ಒಂದು ಹೂವು ಮಾಡುತ್ತದೆ, ಎರಡು ಮೂರು ದಿನ. ಇಲ್ಲಿ ಎಟಿಪಿ ಕಟ್ಟುವ ಗೊಡವೆಗೆ ಅದು ಅಷ್ಟಾಗಿ ಹೋಗುವುದೇ ಇಲ್ಲ. ಅಡ್ಡದಾರಿ ಹಿಡಿದು ಸಕ್ಕರೆಯನ್ನು ಬಿಸಿಗೆಂದೇ ಸುಡುತ್ತದೆ. ಬಿಸಿಗೆ ಪರಿಮಳ ಹರಡುತ್ತದೆ, ರಾತ್ರಿ ಒಳಗುಳಿದ ದುಂಬಿಗೆ ಬೆಚ್ಚನೆಯ ಕೋಣೆ ಸಿಗುತ್ತದೆ ಎನ್ನುತ್ತಾರೆ. ಸುವರ್ಣಗಡ್ಡೆಯ ಹೂವೂ ಹೀಗೆಯೇ ಕಾಯುತ್ತದೆ, ಆದರೆ ಆ ಬಿಸಿ ಹರಡುವುದು ಕೊಳೆತ ಮಾಂಸದ ನಾತವನ್ನು. ಅದನ್ನು ಯಾವ ಕವಿಯೂ ಯಾರ ಮುಖಕ್ಕೂ ಹೋಲಿಸದಿರುವುದು ಪುಣ್ಯ.

ಬೇರುಗಳೂ ಉಸಿರಾಡುತ್ತವೆ ಎಂಬುದನ್ನು ನಾನು ಕಲಿತದ್ದು ಒಂದು ಮಲ್ಲಿಗೆಯ ಜೀವ ತೆಗೆದು. ಹೆಂಡತಿ ತವರಿಗೆ ಹೋಗುವಾಗ ಕುಂಡಗಳಿಗೆ ನೀರು ಹಾಕಲು ಹೇಳಿದ್ದಳು. ಪ್ರೀತಿಯಿಂದ ಎರಡು ಹೊತ್ತೂ ಹಾಕಿದೆ. ಅವಳು ಬರುವಷ್ಟರಲ್ಲಿ ಎಲೆಯೆಲ್ಲ ಹಳದಿ. ಮಣ್ಣಿನ ಸಂದುಗಳಲ್ಲಿ ಗಾಳಿಯಿರಬೇಕಾದ ಜಾಗದಲ್ಲಿ ನೀರು ನಿಂತು ಬೇರುಗಳು ಉಸಿರುಗಟ್ಟಿದ್ದವು. ಭತ್ತಕ್ಕೆ ಈ ಕಷ್ಟವಿಲ್ಲ. ಎಲೆಯಿಂದ ಬೇರಿನವರೆಗೆ ಒಳಗೇ ಗಾಳಿಯ ಓಣಿ ಮಾಡಿಕೊಂಡಿದೆ. ಕುಮಟೆಯ ಬಳಿ ಅಘನಾಶಿನಿ ಸಮುದ್ರ ಸೇರುವಲ್ಲಿ ಕಾಂಡ್ಲಾ ಗಿಡಗಳು ಕೆಸರಿನಿಂದ ಪೆನ್ಸಿಲ್‌ನಂಥ ಬೇರುಗಳನ್ನು ಮೇಲಕ್ಕೆ ನೂಕಿರುವುದು ಉಸಿರಿಗಾಗಿಯೇ. ಇಳಿತದ ಹೊತ್ತಿನಲ್ಲಿ ಅಲ್ಲಿ ನಿಂತು ನೋಡಿದಾಗ ನನಗೆ ಮಲ್ಲಿಗೆಯ ನೆನಪಾಗಿ ಮುಖ ತಿರುಗಿಸಿದೆ.

ಡಾಕ್ಟರು ತೂಕ ಇಳಿಸಿ ಎಂದಮೇಲೆ ನಾನೂ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯತೊಡಗಿದೆ. ಕರಗಿದ ಬೊಜ್ಜು ಹೋಗುವುದೆಲ್ಲಿಗೆ ಎಂದು ಒಂದು ದಿನ ಜೊತೆಯ ಗೆಳೆಯರನ್ನು ಕೇಳಿದೆ. ಒಬ್ಬರು ಬೆವರು ಎಂದರು, ಇನ್ನೊಬ್ಬರು ಮೇಲಿನ ದಾರಿ ಬಿಟ್ಟು ಬೇರೆ ದಾರಿ ಹೇಳಿದರು. ಹತ್ತು ಕಿಲೋ ಕೊಬ್ಬು ಪೂರ್ತಿ ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದಲೇ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ ಎಂದು ಆಸ್ಟ್ರೇಲಿಯಾದ ಇಬ್ಬರು 2014ರಲ್ಲಿ ಲೆಕ್ಕ ಕೊಟ್ಟಿದ್ದಾರೆ ಎಂದೆ. ‘ಹಾಗಾದ್ರೆ ಕೂತಲ್ಲೇ ಜೋರಾಗಿ ಉಸಿರು ಬಿಟ್ರೆ ಸಾಕಲ್ಲ ಸಾರ್?’ ಎಂದರು ಮೊದಲಿನವರು. ಸಾಲದು, ತಲೆಸುತ್ತು ಬರುತ್ತದೆ. ಮೊದಲು ಒಳಗೆ ಏನಾದರೂ ಉರಿಯಬೇಕು. ಅಂದಿನಿಂದ ಅವರು ನಿಟ್ಟುಸಿರು ಬಿಟ್ಟಾಗಲೆಲ್ಲ ‘ಎಷ್ಟು ಗ್ರಾಂ ಹೋಯ್ತು?’ ಎಂದು ನನ್ನನ್ನು ಕೇಳುತ್ತಾರೆ.

ಬೆರಳಿಗೆ ತಿಳಿಯುವ ಈ ಉಸಿರಿಗೆ ನಾನು ಒಮ್ಮೆ ಹೆದರಿದ್ದೂ ಉಂಟು. ಧಾರವಾಡದ ಕಡೆ ನಮ್ಮ ಅಜ್ಜನ ಮನೆಯ ಅಂಗಳದಲ್ಲಿ ಹಗೇವು ಇತ್ತು. ನೆಲದೊಳಗಿನ ಕಣಜ, ಸಣ್ಣ ಬಾಯಿ, ದೊಡ್ಡ ಹೊಟ್ಟೆ, ಹೂತಿಟ್ಟ ಗುಡಾಣದ ಹಾಗೆ. ಸುಗ್ಗಿ ಮುಗಿದಮೇಲೆ ಒಳಗೋಡೆಗೆ ಜೋಳದ ಕಣಿಕೆ ಹೊಂದಿಸಿ, ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಅದರ ಮೇಲೆಯೇ ನಾವು ಗೋಲಿಯಾಡುತ್ತಿದ್ದೆವು. ಕಾಲಡಿಯ ಕತ್ತಲಲ್ಲಿ ಜೋಳ ಸುಮ್ಮನೆ ಮಲಗಿದೆ ಎಂದುಕೊಂಡಿದ್ದೆವು. ಅದು ಮಲಗಿತ್ತು, ಉಸಿರಾಡುತ್ತಲೂ ಇತ್ತು. ಜೋಳ, ಅದರ ಜೊತೆಗಿನ ಬೂಸು, ನುಸಿ ಎಲ್ಲವೂ ಸೇರಿ ಒಳಗಿದ್ದ ಆಮ್ಲಜನಕವನ್ನು ತಿಂದು ಮುಗಿಸುತ್ತ ಬರುತ್ತಿದ್ದವು. ಅದು ಮುಗಿಯುತ್ತ ಬಂದಂತೆ ಮೊದಲು ಸಾಯುವುದು ನುಸಿ. ಜೋಳ ವರ್ಷಗಟ್ಟಲೆ ಉಳಿಯುತ್ತಿದ್ದುದು ತನ್ನದೇ ಉಸಿರಿನ ಕಾವಲಿನಲ್ಲಿ. ಮೇಲಿನಿಂದ ಇಳಿಯುವ ಮನುಷ್ಯನಿಗೂ ಆ ಗಾಳಿ ನುಸಿಗೆ ಮಾಡಿದ್ದನ್ನೇ ಮಾಡುತ್ತಿತ್ತು. ಹಗೇವಿಗೆ ಇಳಿದು ಮೇಲೆ ಬಾರದವರ ಕತೆಯಿಲ್ಲದ ಊರು ಆ ಸೀಮೆಯಲ್ಲಿ ಕಡಿಮೆ.

ಆ ಸಲ ಸಂಜೆಗೇ ಚಪ್ಪಡಿ ಸರಿಸಿ, ರಾತ್ರಿಯೆಲ್ಲ ಬಾಯಿ ತೆರೆದಿಟ್ಟಿದ್ದರು. ‘ತಮ್ಮಾ, ಬಗ್ಗಿ ನೋಡಬ್ಯಾಡ. ಒಳಗಿನ ಗಾಳಿ ಚಲೋದಲ್ಲ,’ ಎಂದು ಅಜ್ಜ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದ. ಬೆಳಿಗ್ಗೆ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟರು. ನಾನು ಅಜ್ಜನ ಧೋತರದ ಹಿಂದಿನಿಂದ ನೋಡುತ್ತಿದ್ದೆ. ಹಳದಿ ಬೆಳಕು ಗೋಡೆಯ ಕಣಿಕೆಯನ್ನು ಸವರುತ್ತ ಇಳಿಯಿತು, ಸಣ್ಣದಾಯಿತು, ಗಾಳಿ ಬೀಸದೆ, ಯಾರೂ ಊದದೆ ಆರಿಹೋಯಿತು. ಯಾರೂ ಮಾತಾಡಲಿಲ್ಲ. ಕಂಬಳಿ ಇಳಿಬಿಟ್ಟು ಬೀಸಿದರು, ಎಳೆದರು, ಮತ್ತೆ ಬೀಸಿದರು. ಅಜ್ಜ ಅಂಗಳದ ಕಟ್ಟೆಗೆ ಕೂತು ಎಲೆಯಡಿಕೆ ಹಾಕಿಕೊಂಡ. ಕೆಳಗಿಳಿಯಬೇಕಾದ ಆಳು ರುಮಾಲು ಬಿಚ್ಚಿ ಕಟ್ಟಿ, ಮತ್ತೆ ಬಿಚ್ಚಿ ಕಟ್ಟಿ ಮಾಡುತ್ತಿದ್ದ. ಬಿಸಿಲೇರಿದಮೇಲೆ ಕಂದೀಲನ್ನು ಹಚ್ಚಿ ಇನ್ನೊಮ್ಮೆ ಬಿಟ್ಟರು. ಈ ಸಲ ಅದು ತಳಕ್ಕೆ ಮುಟ್ಟಿ, ಜೋಳದ ರಾಶಿಯ ಮೇಲೆ ಕೂತು, ಉರಿಯುತ್ತಲೇ ಇತ್ತು. ಅಜ್ಜ ಎದ್ದುಬಂದು, ನೋಡಿ, ಇನ್ನೊಂದು ಎಲೆಯಡಿಕೆ ಮುಗಿಯುವಷ್ಟು ಹೊತ್ತು ಕಾಯಿಸಿದ. ಆಮೇಲೆ ‘ಹೂಂ, ಇಳಿ’ ಎಂದ.

ಮೊದಲ ಬುಟ್ಟಿ ಮೇಲೆ ಬಂದಾಗ ನಾನು ಎರಡೂ ಕೈಗಳನ್ನು ಮೊಣಕೈವರೆಗೆ ಅದರೊಳಗೆ ತೂರಿಸಿದೆ. ಜೋಳ ಬೆಚ್ಚಗಿತ್ತು.